ತಿರುಗದ ಕತ್ತು

ನಿನ್ನೆ ಮೊಮ್ಮಗಳು ಕಾಲೇಜಿನಿಂದ ದಪ್ಪದೊಂದು ಚಿತ್ರಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟಳು. ಪುಟ ಬಿಡಿಸಿದೊಡನೆ ಮೂಗಿಗೆ ಬಡಿದ ಅಂಟಿನ ವಾಸನೆಗೆ ಎದೆ ಡವಗುಟ್ಟಿತು. ಈ ವಯಸ್ಸಿನಲ್ಲಿ ಎದೆ ಡವಗುಟ್ಟಿತೆಂದರೆ ಮನೆಯವರು ಡಾಕ್ಟರನ್ನು ಕರೆಯುತ್ತಾರೆ. ಅದಕ್ಕೇ ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಎರಡನೆಯ ಮಹಾಯುದ್ಧದ ವರ್ಷಗಳು. ನಾನು ದುರ್ಗಿಗುಡಿಯ ಶಾಲೆಯಲ್ಲಿ ಮೇಷ್ಟರು. ಅದೇ ಶಾಲೆಯ ಡ್ರಾಯಿಂಗ್ ಮೇಷ್ಟರು ಗೌಸ್ ಸಾಹೇಬರು. ನಾಟಕದ ಪರದೆಯ ಬಣ್ಣಕ್ಕೆ ಅಂಟು ಕಾಯಿಸುತ್ತಾ ಒಂದು ದಿನ ಅವರು ಹಳೆಯ ಚಿತ್ರಪುಸ್ತಕವೊಂದನ್ನು ತೋರಿಸಿದರು. ಅದರಲ್ಲೊಂದು ಗ್ರೀಕರ ಕತೆ. ಹಾವು ಕಚ್ಚಿ ಸತ್ತ ಹೆಂಡತಿಯನ್ನು ಕರೆತರಲು ವೀಣೆಗಾರನೊಬ್ಬ ಪಾತಾಳಕ್ಕಿಳಿಯುತ್ತಾನೆ. ಮೇಲೆ ಬರುವವರೆಗೂ ತಿರುಗಿ ನೋಡಕೂಡದೆಂದು ಷರತ್ತು. ಇನ್ನೇನು ಬೆಳಕು ಕಂಡಿತೆನ್ನುವಾಗ ಅವನು ತಿರುಗುತ್ತಾನೆ, ಅವಳು ಮತ್ತೆ ಹೋಗಿಬಿಡುತ್ತಾಳೆ. ಬೇರೆ ಬೇರೆ ಕಾಲದ ಕಲಾವಿದರು ಈ ಕತೆಯನ್ನು ಕಂಡ ಬಗೆಯೆಲ್ಲ ಆ ಪುಟಗಳಲ್ಲಿತ್ತು. ಬಹಳ ಹಿಂದಿನ ಶಿಲ್ಪಿಯೊಬ್ಬನ ಕಲ್ಲಿನಲ್ಲಿ ಅವಳು ಸಿಟ್ಟಿಲ್ಲದೆ ಗಂಡನ ಹೆಗಲ ಮೇಲೆ ಕೈಯಿಟ್ಟಿದ್ದಳು. ಶತಮಾನಗಳ ನಂತರದ ಚಿತ್ರಕಾರನೊಬ್ಬ ಹಾಡು ಕೇಳುವ ಮರ, ಮೃಗಗಳನ್ನು ಬರೆದು ಹೆಂಡತಿಯನ್ನೇ ಮರೆತಿದ್ದ. ನಮ್ಮ ಕಾಲಕ್ಕೆ ಹತ್ತಿರದವನು ಅವಳನ್ನು ಹೊಗೆಯಾಗಿಸಿದ್ದ.

ನಾನೂ ಬಿಡಲಿಲ್ಲ. ಅದನ್ನು ಕನ್ನಡ ನಾಟಕ ಮಾಡಿ, ವೀಣೆಗಾರನ ಪಾತ್ರವನ್ನು ನಾನೇ ಇಟ್ಟುಕೊಂಡೆ. ನನ್ನ ಹಾಡಿಗೆ ಪಾತಾಳದ ದೊರೆ ಕರಗುವುದಿರಲಿ, ನಮ್ಮ ಬೀದಿಯ ನಾಯಿ ಎದ್ದು ಹೋಗುತ್ತಿತ್ತು.

ಭದ್ರಾವತಿಯಲ್ಲಿ ಕಾರ್ಖಾನೆಯ ಕೆಲಸಗಾರರ ಮುಂದೆ ಭಾನುವಾರ ಮಧ್ಯಾಹ್ನ ಆಟವೆಂದು ನಿಗದಿಯಾಯಿತು. ಅಷ್ಟರಲ್ಲಿ ನನ್ನ ಹೆಂಡತಿ ಜಾನಕಿಗೆ ಟೈಫಾಯಿಡ್ ಹಿಡಿಯಿತು. ಶನಿವಾರ ಡಾಕ್ಟರು ನನ್ನನ್ನು ಜಗಲಿಗೆ ಕರೆದು, ನಾಳೆ ಸಂಜೆ ದಾಟಿದರೆ ಗಂಡಾಂತರ ಕಳೆದಂತೆ ಎಂದರು. ನಾನು ಹೋಗುವುದಿಲ್ಲವೆಂದೆ. ಜಾನಕಿ ಒಡೆದ ತುಟಿಯಲ್ಲೇ ಹೇಳಿದಳು:

“ಹೋಗಿ ಬನ್ನಿ. ನೀವು ಹೀಗೆ ಕೂತು ನನ್ನ ಮುಖ ನೋಡ್ತಿದ್ರೆ ನಂಗೇ ಭಯ ಆಗುತ್ತೆ.”

ಅವಳನ್ನು ಅತ್ತೆಯ ಕೈಗೊಪ್ಪಿಸಿ ಹೋದೆ. ಅವಳ ಮಾತಿಗೋ, ಬಣ್ಣ ಹಚ್ಚುವ ಆಸೆಗೋ, ಇವತ್ತಿಗೂ ತೀರ್ಮಾನವಾಗಿಲ್ಲ.

ಕೊನೆಯ ದೃಶ್ಯ. ಹೆಂಡತಿಯ ಪಾತ್ರಕ್ಕೆ ಸೀರೆಯುಟ್ಟ ಕಾರ್ಖಾನೆ ಗುಮಾಸ್ತ ವರದರಾಜು ನನ್ನ ಹಿಂದೆ. ಮೂರು ಹೆಜ್ಜೆ ಇಟ್ಟು ತಿರುಗಬೇಕೆಂದು ಬರೆದವನು ನಾನೇ. ಕತ್ತು ತಿರುಗಲಿಲ್ಲ. ತಿರುಗಿದರೆ ದುರ್ಗಿಗುಡಿಯಲ್ಲಿ ಜಾನಕಿಯ ಉಸಿರು ನಿಲ್ಲುತ್ತದೆ ಎನ್ನಿಸಿಬಿಟ್ಟಿತು. ನೆಟ್ಟಗೆ ನಡೆದು ಪರದೆ ದಾಟಿ, ಹೊರಗಿನ ಬಯಲಿಗೇ ಬಂದುಬಿಟ್ಟೆ. ಒಬ್ಬನೇ ಉಳಿದ ವರದರಾಜು ದಿಕ್ಕು ತೋಚದೆ ಕುಸಿದು ಕೂತು ಅತ್ತನಂತೆ. ಜನ ಅದೇ ಕೊನೆಯೆಂದುಕೊಂಡು ಚಪ್ಪಾಳೆ ತಟ್ಟಿದರು.

ಸಂಜೆಯ ರೈಲಿನಲ್ಲಿ ಗೌಸ್ ಸಾಹೇಬರು ಪಕ್ಕದಲ್ಲಿದ್ದರು. ಇಷ್ಟು ಜನರ ದುಡಿಮೆ ಕೆಡಿಸಿದೆನೆಂದು ನಾನು ಗೊಣಗಿದೆ. ಮಾಚೇನಹಳ್ಳಿ ದಾಟಿದ ಮೇಲೆ ಅವರು ಹೇಳಿದರು:

“ಕೆಟ್ಟಿದ್ದೇನೂ ಇಲ್ಲ, ಮೇಷ್ಟ್ರೇ. ಆ ಪುಸ್ತಕದಲ್ಲಿರೋರೂ ಅಷ್ಟೇ, ಯಾರಿಗೆ ಎಲ್ಲಿ ನೋಯ್ತಿತ್ತೋ ಅಲ್ಲೇ ಬರೆದಿದಾರೆ. ನಿಮಗೆ ಕತ್ತಿನಲ್ಲಿ ನೋವಿತ್ತು.”

ಮನೆ ಮುಟ್ಟಿದಾಗ ಅತ್ತೆ ಬಾಗಿಲಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಬೆವರು ಬಿಟ್ಟು ಜ್ವರ ಇಳಿದಿದೆ, ಗಂಜಿ ಕೇಳಿದಳು ಎಂದರು. ನಾನು ಮೆಟ್ಟಿಲ ಮೇಲೇ ಕೂತೆ.

ರಂಗದ ಮೇಲೆ ನಡೆದದ್ದನ್ನು ಜಾನಕಿಗೆ ನಾನು ಹೇಳಿರಲೇ ಇಲ್ಲ. ನಿನ್ನೆ ಹೇಳಿದೆ. ಮೆಚ್ಚಿಕೊಂಡಾಳೆಂದು ಒಳಗೊಳಗೇ ಆಸೆ. ಅವಳು ಬಟ್ಟೆ ಮಡಿಸುತ್ತಲೇ ಹೇಳಿದಳು:

“ಆವತ್ತು ಮನೆಯಿಂದ ಹೊರಡುವಾಗಲೂ ನೀವು ತಿರುಗಿ ನೋಡ್ಲಿಲ್ಲ. ನಾನು ಬಾಗಿಲ ಕಡೆನೇ ನೋಡ್ತಾ ಮಲಗಿದ್ದೆ.”

ದನಿಯಲ್ಲಿ ದೂರಿರಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಇವತ್ತು ಬೆಳಿಗ್ಗೆ ಹಾಲಿಗೆ ಹೊರಟವನು ಗೇಟಿನ ಬಳಿ ನಿಂತು ತಿರುಗಿದೆ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು, ತಲೆಯೆತ್ತಲಿಲ್ಲ. ಎತ್ತುವವರೆಗೂ ನಿಂತಿದ್ದೆ.