ಕಾಶವ್ವನ ಎಡಗೈ ಗಂಟು

ಪುಣೆಯ ಧನಕವಡಿಯ ಹಳೆಯ ಕಟ್ಟಡವೊಂದರ ನೆಲಮಹಡಿ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ, ಹೊರಗೆ ನಲ್ಲಿಗೆ ನೀರು ಬಂದ ಸದ್ದು. ಕಾಶವ್ವ ಆಗಲೇ ಚಾಪೆ ಹಾಸಿಕೊಂಡು ಕೂತಿದ್ದಾರೆ. ಒಂದು ಪಕ್ಕದಲ್ಲಿ ಕನ್ನಡ ಮಾಸಪತ್ರಿಕೆಯ ಹೊಸ ಸಂಚಿಕೆಯ ರಾಶಿ, ಇನ್ನೊಂದು ಪಕ್ಕದಲ್ಲಿ ಪ್ಲಾಸ್ಟಿಕ್ ಕವರುಗಳು. ಪತ್ರಿಕೆಯನ್ನು ಕವರಿಗೆ ತೂರಿಸುತ್ತಾರೆ, ಅಂಟಿನ ಪಟ್ಟಿ ಕಿತ್ತು ಒತ್ತುತ್ತಾರೆ, ಪಕ್ಕಕ್ಕೆ ಎಸೆಯುತ್ತಾರೆ. “ಇದೇನ್ ಕೆಲಸರೀ? ಬಾಯಿ ಮುಚ್ಚೋದು, ಅಷ್ಟ” ಎನ್ನುತ್ತಾರೆ.

ಒಂದು ಪ್ರತಿಯನ್ನು ಮಾತ್ರ ಮೊಣಕಾಲ ಬಳಿ ಬೇರೆ ಇಟ್ಟುಕೊಂಡಿದ್ದಾರೆ. ಅದರ ಜೊತೆ ಕಂದು ಕಾಗದದ ಪಟ್ಟಿ, ಒಂದು ಮೊಳ ಸುತಳಿ. ಅದು ಸುರಪುರದ ಕಡೆಯ ಅವರ ಹಳ್ಳಿಯ ಗ್ರಂಥಾಲಯಕ್ಕೆ ಹೋಗಬೇಕು. ಆ ಗ್ರಂಥಾಲಯದ ಕಸ ಗುಡಿಸುವುದು ಅವರ ಅಕ್ಕ ಹುಲಿಗೆವ್ವ. ಅಕ್ಕನ ಲೆಕ್ಕದಲ್ಲಿ ಕಾಶವ್ವ ಈಗ ಬದುಕಿಲ್ಲ.

ಈ ಮಾತು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಗಂಡ ಭೀಮುವಿನ ಜೊತೆ ಇಟ್ಟಿಗೆ ಹೊರಲು ಪುಣೆಗೆ ಬಂದ ಕಾಶವ್ವ, ಸದಾಶಿವ ಪೇಠದ ವಾಡೆ ಎನ್ನುವ ಹಳೆಯ ದೊಡ್ಡ ಮನೆಯೊಂದರಲ್ಲಿ ಗಾರೆ ಕೆಲಸಕ್ಕೆ ಹೋದವರು ಅಲ್ಲೇ ಉಳಿದುಬಿಟ್ಟರು. ಆ ವಾಡೆಯ ಒಂದು ಕೋಣೆಯಲ್ಲಿ ಪತ್ರಿಕೆಯ ಕಚೇರಿ ಇತ್ತು. ಸಿಮೆಂಟ್ ಚೀಲದ ಬಾಯಿಯನ್ನು ಅವರು ಒಂದೇ ಉಸಿರಿನಲ್ಲಿ ಕಟ್ಟುವುದನ್ನು ನೋಡಿದ ವ್ಯವಸ್ಥಾಪಕ ಮನೋಹರ, ಧಾರವಾಡದವರು, “ನಮ್ಮ ಪತ್ರಿಕೆ ಕಟ್ಟಾಕ ಬರ್ತೀರೇನ್ರಿ?” ಎಂದು ಕೇಳಿದರು.

ಬುಕ್ ಪೋಸ್ಟ್ ಎಂಬ ಅಗ್ಗದ ದರದ ಅಂಚೆ ನೆನಪಿರುವವರಿಗೆ ಅದರ ಶರತ್ತುಗಳೂ ನೆನಪಿರುತ್ತವೆ. ಅಚ್ಚಾದದ್ದನ್ನು ಮಾತ್ರ ಕಳಿಸಬೇಕು, ಒಳಗೆ ಖಾಸಗಿ ಪತ್ರ ಇಡಬಾರದು, ಕಟ್ಟನ್ನು ಅಂಟಿಸಿ ಮುಚ್ಚಲೂಬಾರದು. ತುದಿಗಳು ತೆರೆದೇ ಇರಬೇಕು. ಅಂಚೆಯವರಿಗೆ ಅನುಮಾನ ಬಂದರೆ ಹೊರಗೆಳೆದು ನೋಡಿ ಮತ್ತೆ ತೂರಿಸುವಂತಿರಬೇಕು. ಕಟ್ಟು ಬಿಗಿಯಾದರೆ ಅಂಚೆಯವರ ಗೊಣಗಾಟ, ಸಡಿಲವಾದರೆ ಪತ್ರಿಕೆ ಸೊಲ್ಲಾಪುರ ದಾಟುವುದರೊಳಗೆ ಜಾರಿ ಎಲ್ಲೋ ಬಿದ್ದಿರುತ್ತದೆ. ಮೊದಲ ದಿನ ಮನೋಹರ, “ಒಳಗ ಕೈಲೆ ಏನೂ ಬರದು ಇಡಬಾರದ್ರಿ ಮತ್ತ” ಎಂದು ಎಚ್ಚರಿಸಿದ್ದರಂತೆ. ಅಕ್ಷರ ಕಲಿಯದ ಕಾಶವ್ವ ಈಗಲೂ ಅದನ್ನು ನೆನೆದು ನಗುತ್ತಾರೆ. “ಆ ತಪ್ಪು ನನ್ನಿಂದ ಹ್ಯಾಂಗ ಆಗ್ತದ್ರಿ ಅಂದೆ.”

ಅವರು ಹಾಕಿದ್ದು ಕೊಯ್ದ ಜೋಳದ ದಂಟಿನ ಸಿವುಡು ಕಟ್ಟುವ ಗಂಟು. ಎರಡು ಸುತ್ತು ಹೊರಳಿಸಿ, ತುದಿಯನ್ನು ಕೆಳಗೆ ಸಿಕ್ಕಿಸಿದರೆ ಮುಗಿಯಿತು. ಎಷ್ಟು ಕುಲುಕಿದರೂ ಬಿಚ್ಚುವುದಿಲ್ಲ, ತುದಿ ಹಿಡಿದೆಳೆದರೆ ಕೂಡಲೇ ಬಿಚ್ಚಿಕೊಳ್ಳುತ್ತದೆ. ಚಿಕ್ಕವರಿದ್ದಾಗ ಗೌಡರ ಹೊಲದಲ್ಲಿ ಇದನ್ನು ಕಲಿಸಿದವಳು ಅಕ್ಕನೇ. ಆದರೆ ಕಾಶವ್ವ ಎಡಗೈಯವರು. ಅವರು ಹಾಕಿದ ಗಂಟಿನ ತುದಿ ಎಡಕ್ಕೆ ಬರುತ್ತದೆ. ಲೋಕದಲ್ಲಿ ಬೇರೆ ಯಾರಿಗೂ ಆ ವ್ಯತ್ಯಾಸ ಬೇಕಿರಲಿಲ್ಲ. ಹುಲಿಗೆವ್ವನಿಗೆ ಬೇಕಿತ್ತು. ಅವಳಿಗೆ ಓದಲು ಬಾರದು, ವಯಸ್ಸಾದಂತೆ ಕಿವಿಯೂ ಪೂರ್ತಿ ಹೋಗಿದೆ. ತಿಂಗಳಿಗೊಮ್ಮೆ ಗ್ರಂಥಾಲಯಕ್ಕೆ ಬರುವ ಪತ್ರಿಕೆಯ ಗಂಟನ್ನು ತಾನೇ ಬಿಚ್ಚಿ, ಸುತಳಿಯನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದಳು. ತಂಗಿ ಚೆನ್ನಾಗಿದ್ದಾಳೆ ಎಂಬುದು ಅದರಿಂದಲೇ ಅವಳಿಗೆ ತಿಳಿಯುತ್ತಿತ್ತು.

ಒಮ್ಮೆ ಕಾಶವ್ವನ ಹೆಬ್ಬೆರಳಿಗೆ ಗಾಯವಾಗಿ, ಆ ತಿಂಗಳ ಕಟ್ಟುಗಳನ್ನು ಮನೋಹರರೇ ಕಟ್ಟಿದರು. ವಾರ ಕಳೆಯುವುದರೊಳಗೆ ಹುಲಿಗೆವ್ವ ರೊಟ್ಟಿಯ ಗಂಟು ಹೊತ್ತು ವಾಡೆಯ ಬಾಗಿಲಲ್ಲಿ ನಿಂತಿದ್ದಳು. ಪತ್ರಿಕೆಯ ಸುತ್ತುಕಾಗದದ ಮೇಲಿದ್ದ ಕಚೇರಿಯ ವಿಳಾಸವನ್ನು ರಿಕ್ಷಾದವರಿಗೆ ತೋರಿಸುತ್ತಾ ಬಂದಿದ್ದಳು. “ನನ್ನ ಗಂಟು ನೋಡಿ ಇವರ ಮನ್ಯಾಗ ಸಾವೇ ಆಗೇದ ಅನ್ಕೊಂಡಿದ್ಲು. ಅಷ್ಟು ಹೊಲಸು ಕಟ್ಟಿದ್ನೇನೋ” ಎಂದು ಮನೋಹರ ಇಂದಿಗೂ ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾರೆ.

ಆಗ ನಕ್ಕು ಸುಮ್ಮನಾದದ್ದೇ ಈಗ ಎಲ್ಲರನ್ನೂ ಚುಚ್ಚುತ್ತಿದೆ. ಕಳೆದ ವರ್ಷ ವಾಡೆಯನ್ನು ಕೆಡವಲು ತೆಗೆದುಕೊಂಡರು, ಕಚೇರಿ ಧನಕವಡಿಗೆ ಬಂತು. ಅದೇ ಹೊತ್ತಿಗೆ ತೆರೆದ ಕಟ್ಟು ಬೇಡ, ಮುಚ್ಚಿದ ಕವರೇ ಸಾಕು ಎಂದು ಪತ್ರಿಕೆಯವರು ತೀರ್ಮಾನಿಸಿದರು. ಸುತಳಿ ಮೂಲೆ ಸೇರಿತು. ಅಕ್ಕನಿಗೆ ಹೇಳಿ ಕಳಿಸಬೇಕೆಂದು ಕಾಶವ್ವನಿಗೆ ಹೊಳೆಯಲೇ ಇಲ್ಲ. ಭೀಮು ಕಟ್ಟಡದಿಂದ ಬಿದ್ದು ಸೊಂಟ ಮುರಿದುಕೊಂಡ ಹೊತ್ತದು, ಅವರಿಗೆ ಮೈಮೇಲೆ ಖಬರಿರಲಿಲ್ಲ.

ಗಂಟಿಲ್ಲದ ಪತ್ರಿಕೆಗಳನ್ನು ಕೆಲವು ತಿಂಗಳು ನೋಡಿದ ಹುಲಿಗೆವ್ವ, ಹಳೆಯ ಸುತ್ತುಕಾಗದವನ್ನೇ ಹಿಡಿದು ಮತ್ತೆ ಹೊರಟುಬಂದಳು. ವಾಡೆಗೆ ಬೀಗ. ಎದುರಿನ ಚಹಾದಂಗಡಿಯ ಕೃಷ್ಣಾಬಾಯಿಗೆ ಕನ್ನಡ ಬಾರದು, ಹುಲಿಗೆವ್ವನಿಗೆ ಕಿವಿ ಕೇಳದು. ಎಡಗೈಯಲ್ಲಿ ಗಂಟು ಹಾಕುವ ಹಾಗೆ ಮಾಡಿ ತೋರಿಸಿ, ಅವಳೆಲ್ಲಿ ಎಂದು ಸನ್ನೆಯಲ್ಲೇ ಕೇಳಿದಳು. ಕೃಷ್ಣಾಬಾಯಿ ಬೀಗದ ಕಡೆ ನೋಡಿ, ಹೋದಳು ಎಂದು ಕೈ ಎತ್ತಿ ಗಾಳಿಯಲ್ಲಿ ಬೀಸಿದರು. ಊರು ಬಿಟ್ಟವರಿಗೂ ಲೋಕ ಬಿಟ್ಟವರಿಗೂ ಆ ಸನ್ನೆ ಒಂದೇ. ಹುಲಿಗೆವ್ವ ಸಂಜೆಯವರೆಗೆ ಕಟ್ಟೆಯ ಮೇಲೆ ಕೂತಿದ್ದು, ಕೊಟ್ಟ ಚಹಾ ಮುಟ್ಟದೆ ಎದ್ದು ಹೋದಳಂತೆ.

“ಊರಿಗೆ ಹೋಗಿ ನನ್ನ ಹೆಸರೀಲೆ ತಲಿಮ್ಯಾಲ ನೀರು ಹಾಕ್ಕೊಂಡಾಳ್ರಿ” ಎನ್ನುತ್ತಾರೆ ಕಾಶವ್ವ. ಊರಿನವರೊಬ್ಬರಿಂದ ಸುದ್ದಿ ತಿಳಿದ ದಿನವೇ ಅಕ್ಕನ ಮಗನ ಮೊಬೈಲಿಗೆ ವಿಡಿಯೋ ಕಾಲ್ ಮಾಡಿದರು. ಹುಲಿಗೆವ್ವ ಪರದೆಯನ್ನು ಸವರಿ, ಅತ್ತು, ಫೋನನ್ನು ಮಗನಿಗೆ ವಾಪಸ್ ಕೊಟ್ಟಳು. “ಸತ್ತ ನಮ್ಮಣ್ಣನ ವಿಡಿಯೋ ಅದೇ ಫೋನಿನ್ಯಾಗ ಅದ. ಅದ್ರಾಗ ಅಂವ ನಗ್ತಾನ, ಕೈ ಬೀಸ್ತಾನ. ನಾನೂ ಹಾಂಗ ಅನ್ಕೊಂಡಾಳ.” ಹೋಗಿ ಎದುರಿಗೆ ನಿಲ್ಲೋಣವೆಂದರೆ ಭೀಮುವನ್ನು ಹೊರಳಿಸಿ ಮಲಗಿಸಲೂ ಬೇರೆ ಜನವಿಲ್ಲ.

ಬೆಳಕು ಹರಿದಿದೆ. ಕಾಶವ್ವ ಬೇರೆ ಇಟ್ಟ ಪ್ರತಿಗೆ ಕಂದು ಪಟ್ಟಿ ಸುತ್ತಿ, ಸುತಳಿಯನ್ನು ಎರಡು ಸಲ ಹೊರಳಿಸಿ, ತುದಿ ಸಿಕ್ಕಿಸುತ್ತಾರೆ. ಮನೋಹರ ಬಂದು ಪಕ್ಕದಲ್ಲಿ ಕೂರುತ್ತಾರೆ. “ಈಗ ಪೂರ್ತಿ ದರಾನೇ ಕೊಡ್ತೀವಲ್ರಿ, ಕಾನೂನಿನ ಅಡ್ಡಿಯಿಲ್ಲ. ಒಂದು ಚೀಟಿ ಬರದು ಒಳಗ ಇಡ್ಲೇನು?”

“ಬ್ಯಾಡ್ರಿ. ಚೀಟಿ ಯಾರ ಬೇಕಾದ್ರೂ ಬರೀತಾರ.”

ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತ ಮಂದಾರನಿಗೆ ಇಂಥ ಕಟ್ಟು ಕಂಡು ಅಚ್ಚರಿ. ಎರಡೂ ಕಡೆ ಅಂಟಿಸಿಕೊಡಲೇ ಎಂದು ಮರಾಠಿಯಲ್ಲಿ ಕೇಳುತ್ತಾನೆ. “ನಕೋ ರೇ ಬಾಳಾ, ಉಘಡಂಚ ರಾಹೂ ದೇ” ಎಂದು ಕಾಶವ್ವ ತಡೆಯುತ್ತಾರೆ. ತೆರೆದೇ ಇರಲಿ. ಕಟ್ಟು ತೂಕದ ಯಂತ್ರದಿಂದ ಚೀಲಕ್ಕೆ ಹೋಗುವವರೆಗೂ ಅವರು ಅಲ್ಲಿಂದ ಕದಲುವುದಿಲ್ಲ.

ಅಕ್ಕ ನಂಬುತ್ತಾಳೆಯೇ ಎಂದು ಕೇಳಿದರೆ ಸೆರಗಿನಿಂದ ಕೈಯ ಸುತಳಿ ನಾರು ಒರೆಸಿಕೊಳ್ಳುತ್ತಾರೆ. “ಗಂಟು ಬಿಚ್ಚಿದ್ಲಂದ್ರ ತಿಳೀತದ್ರಿ. ಅಕಿಗೆ ಕೇಳಸೂದಿಲ್ಲ, ಆದ್ರ ಬೈಯಾಕ ಬಾಯಿ ಭಾಳ ಛೊಲೊ ಅದ. ಮಗನ ಫೋನ್ ಹಿಡ್ಕೊಂಡು, ಬದುಕಿದ್ದಾಕಿ ಇಷ್ಟು ದಿನಾ ಎಲ್ಲಿ ಸತ್ತಿದ್ದಿ ಅಂತ ಒಂದು ಸಲ ಬೈದ್ರ ಸಾಕು ನನಗ.”