ಬೆವರದ ಮಡಕೆ

ಬಾಬಿಕರ್‌ಗೆ ಸಕ್ಕರೆ ಕಾಯಿಲೆ ಬಂದದ್ದು ಎಂಟನೆಯ ವಯಸ್ಸಿನಲ್ಲಿ. ಈಗ ನಲವತ್ತೊಂದು. ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳದಿದ್ದರೆ ಒಂದು ವಾರ ಉಳಿಯುವುದೂ ಕಷ್ಟ. ಗಾಶ್ ನದಿಯ ದಂಡೆಯ ನಮ್ಮ ಓಣಿಯಲ್ಲಿ ಅವನು ದರ್ಜಿ. ಓಣಿಗೆ ಕರೆಂಟಿಲ್ಲ, ಔಷಧಿ ತಂಪಾಗಿರಬೇಕು. ಅದಕ್ಕೆ ಕೋಣೆಯ ಮೂಲೆಯಲ್ಲಿ ಸಣ್ಣ ಮಣ್ಣಿನ ಮಡಕೆಗೆ ಅರ್ಧ ನೀರು ತುಂಬಿ, ಸೀಸೆಯನ್ನು ಡಬ್ಬಿಯಲ್ಲಿಟ್ಟು ನೀರಿನ ಮೇಲೆ ತೂಗುಬಿಟ್ಟಿದ್ದ. ಹೊರಗೆ ನಲವತ್ತೆರಡು ಡಿಗ್ರಿ ಇದ್ದಾಗ ಒಳಗೆ ಇಪ್ಪತ್ತಾರು; ನಾನೇ ಅಳೆದಿದ್ದೇನೆ. ಕಾಯಿಲೆ ಎಲ್ಲರಿಗೂ ಗೊತ್ತಿತ್ತು, ಮಡಕೆಯೊಳಗೆ ಔಷಧಿ ಇದೆಯೆಂಬುದು ಗೆಳೆಯನಾದ ನನ್ನೊಬ್ಬನಿಗೆ. ಯಾರ ಹಂಗೂ ಬೇಡ ಅನ್ನುವವನು ಅವನು.

ಈದ್‌ಗೆ ಮೊದಲು ಪಕ್ಕದ ಮನೆಯ ಚಿಕ್ಕಮ್ಮ ಸಿತ್ತಾನ ತಮ್ಮ ಬಾಗಿಲಿಗೆ ನೀಲಿ ಎಣ್ಣೆಬಣ್ಣ ಹೊಡೆದರು. ಬಾಬಿಕರ್ ಅಂಗಡಿಯಲ್ಲಿದ್ದಾಗ ಉಳಿದ ಬಣ್ಣವನ್ನು ಮುಚ್ಚಳವಿದ್ದ ಅವನ ಮಡಕೆಗೂ ಬಳಿದರು.

"ಒಂಟಿ ಗಂಡಸಿನ ಮನೆ ಕಣೋ. ಹಬ್ಬದ ಕಳೆ ಒಂಚೂರಾದ್ರೂ ಇರ್ಲಿ," ಅಂದರು ಅವನು ಬಂದ ಮೇಲೆ.

ಅವನಿಗೂ ಹಿಡಿಸಿತು. ನೀರು ಜಿನುಗುವುದು ನಿಂತು, ಮಡಕೆಗೆ ದಿನಾ ನೀರು ಸುರಿಯುವ ಕೆಲಸ ತಪ್ಪಿತೆಂದು ನನ್ನೊಡನೆ ಹೇಳಿಕೊಂಡ. ನಾನೂ ಯೋಚಿಸಲಿಲ್ಲ.

ಹದಿನೈದು ದಿನ ಕಳೆಯಿತು. ಅವನಿಗೆ ಎಷ್ಟು ನೀರು ಕುಡಿದರೂ ದಾಹ. ಹೊಲಿಗೆ ಬಿಟ್ಟು ಮತ್ತೆಮತ್ತೆ ಹಿತ್ತಲಿಗೆ ಓಡುತ್ತಿದ್ದ. ಅಂಗಿಯೊಂದಕ್ಕೆ ತೋಳನ್ನು ತಿರುವುಮುರುವಾಗಿ ಹೊಲಿದ. ಔಷಧಿ ಹೆಚ್ಚಿಸಿದ, ರೊಟ್ಟಿ ಕಡಿಮೆ ಮಾಡಿದ, ಎಲ್ಲರ ಮೇಲೂ ರೇಗಿದ. ಕೊನೆಗೆ ನನ್ನನ್ನು ಕರೆದು, "ನೀರು ಇಳಿದೇ ಇಲ್ಲ, ನೋಡು" ಅಂದ. ಮಡಕೆಯ ಮೈ ಮುಟ್ಟಿದೆ. ಒಣಗಿತ್ತು, ಬೆಚ್ಚಗಿತ್ತು. ಬಣ್ಣ ಮಣ್ಣಿನ ರಂಧ್ರಗಳನ್ನೆಲ್ಲ ಮುಚ್ಚಿತ್ತು. ಬೆವರದ ಮಡಕೆ ತಂಪು ಮಾಡುವುದಿಲ್ಲ. ಔಷಧಿ ಕೆಟ್ಟಿತ್ತು, ಬೇರೆ ಸೀಸೆ ಇರಲಿಲ್ಲ.

ಚಿಕ್ಕಮ್ಮನಿಗೆ ಹೇಳಬೇಡ ಅಂದ. ನಾನು ಹೇಳಿದೆ.

ಅವರು ಬಾಗಿಲಲ್ಲೇ ನಿಂತು ಬೈದರು: "ಮೂವತ್ತು ವರ್ಷ ನಮ್ಮ ಗೋಡೆಗೆ ಗೋಡೆ ಅಂಟಿಸ್ಕೊಂಡು ಕೂತಿದ್ದೀಯ. ಇದ್ರಲ್ಲಿ ಔಷಧಿ ಇದೆ ಅಂತ ಒಂದು ಮಾತು ಹೇಳಿದ್ರೆ ನಾಲಿಗೆ ಸವೀತಿತ್ತಾ?"

"ನಿಮಗ್ಯಾಕೆ ತೊಂದ್ರೆ ಅಂತ, ಚಿಕ್ಕಮ್ಮ."

"ಈಗ ತೊಂದ್ರೆ ಇಲ್ವಾ? ಕತ್ತೆ!"

ಪೇಟೆಯ ದವಾಖಾನೆಯಲ್ಲಿ ಒಂದು ಸೀಸೆ ಇದೆಯೆಂದು ತಿಳಿಯಿತು. ಅವನು ಎದ್ದು ನಿಂತರೆ ತಲೆ ಸುತ್ತುತ್ತಿತ್ತು. ನಾನು ಅವನ ಬಳಿ ಉಳಿದೆ. ಚಿಕ್ಕಮ್ಮ ಜೋಳದ ಲಾರಿ ಹತ್ತಿದರು. ಹೋಗಿಬರಲು ಐದು ಗಂಟೆ. ಬಾಬಿಕರ್ ಕೂತ, ಎದ್ದ, ಕತ್ತರಿ ಹಿಡಿದ, ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದ. "ಲಾರಿ ಕೆಟ್ಟರೆ?" ಅಂದ. "ಸೀಸೆ ಬಿಸಿಲಿಗೆ ಕಾದರೆ?" ಅಂದ. ವಾಂತಿ ಮಾಡಿಕೊಂಡ. ಉಸಿರು ದೊಡ್ಡದಾಗುತ್ತಿತ್ತು. ನಾನು ಗಡಿಯಾರ ನೋಡುತ್ತ ನೀರು ಕುಡಿಸಿದೆ.

ಆರನೆಯ ಗಂಟೆಯಲ್ಲಿ ಚಿಕ್ಕಮ್ಮ ಬಂದರು, ಮೈಯೆಲ್ಲ ಧೂಳು. ಸೀಸೆಯನ್ನು ಮಣ್ಣಿನ ಲೋಟದಲ್ಲಿಟ್ಟು, ಒದ್ದೆ ಬಟ್ಟೆ ಸುತ್ತಿ, ದಾರಿಯುದ್ದಕ್ಕೂ ತಮ್ಮ ಕುಡಿಯುವ ನೀರನ್ನೇ ಅದರ ಮೇಲೆ ಚಿಮುಕಿಸಿದ್ದರು. ಅವರ ತುಟಿ ಒಡೆದಿತ್ತು.

ಬಾಬಿಕರ್ ಚುಚ್ಚಿಕೊಳ್ಳುವಾಗ ಸದಾ ಗೋಡೆಗೆ ಮುಖ ಮಾಡುತ್ತಿದ್ದ. ಅಂದು ಹಾಗೆ ಮಾಡಲಿಲ್ಲ.

"ಚಿಕ್ಕಮ್ಮ, ಇಲ್ಲಿ ಕೂತ್ಕೊಳ್ಳಿ. ಹೇಗೆ ಅಳೀತೀನಿ ನೋಡಿ. ನಂಗೆ ಕೈಲಾಗದ ದಿನ ನೀವೇ ಹಾಕ್ಬೇಕಾಗತ್ತೆ."

"ಸೂಜಿ ಅಂದ್ರೆ ನಂಗೆ ಜೀವ ಹೋಗತ್ತೆ ಕಣೋ," ಅಂದರು ಚಿಕ್ಕಮ್ಮ. ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ನೋಡುತ್ತ, ಅವನ ಜೊತೆ ಸಿರಿಂಜಿನ ಗೆರೆಗಳನ್ನು ಎಣಿಸತೊಡಗಿದರು.