ಒಡ್ಡು ಕಟ್ಟಿದ ಅಧ್ಯಕ್ಷೆ

ಅಮ್ಮ ಅಂಕೋಲೆ ಹತ್ತಿರದ ನಮ್ಮೂರ ಪಂಚಾಯತಿ ಅಧ್ಯಕ್ಷೆಯಾಗಿದ್ದಾಗ ನಾನು ಕಾರವಾರದಲ್ಲಿ ಕಾಲೇಜು ಓದುತ್ತಿದ್ದೆ. ಆ ವರ್ಷ ಭತ್ತ ತೆನೆ ಬಿಡುವ ಹೊತ್ತಿಗೆ ಹೊಳೆಯ ಉಪ್ಪುನೀರು ತಡೆಯುವ ಒಡ್ಡಿನ ಬಾಗಿಲು ಕೊಳೆತು ಬಾಯಿಬಿಟ್ಟಿತು. ಅಮಾವಾಸ್ಯೆಯ ಉಬ್ಬರಕ್ಕೆ ನೀರು ನುಗ್ಗಿದರೆ ಗದ್ದೆಯ ಜೊತೆ ಬಾವಿಗಳೂ ಕೆಡುತ್ತಿದ್ದವು.

ಒಡ್ಡು ಪಂಚಾಯತಿಯದಲ್ಲ, ಸಣ್ಣ ನೀರಾವರಿ ಇಲಾಖೆಯದು. ಅಮ್ಮ ನನ್ನನ್ನೂ ಕರೆದುಕೊಂಡು ಕಾರವಾರದ ಕಚೇರಿಗೆ ಹೋದಳು.

"ಮಂಜೂರಿ ಬರ್ಬೇಕು. ಅಲ್ಲೀತನಕ ನೀವು ಅದನ್ನ ಮುಟ್ಟೂ ಹಂಗಿಲ್ಲ" ಎಂದರು ಸಾಹೇಬರು.

"ಅಮಾಸೆ ಒಳಗೆ ಬರೂದಾ?"

"ಹೇಳೂಕೆ ಬರೂದಿಲ್ಲ."

ಬಸ್ಸಿನಲ್ಲಿ ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಸಂಜೆ ಸದಸ್ಯರನ್ನು ಮನೆಗೆ ಕರೆಸಿದಳು. "ಮಂಜೂರಿ ಇಲ್ದೆ ಕೈ ಹಾಕಿದ್ರೆ ನಮ್ಮ ಕುತ್ತಿಗೆಗೆ ಬರ್ತದೆ" ಎಂದು ಅವರು ಚಹಾ ಕುಡಿದು ಎದ್ದುಹೋದರು. ಅಪ್ಪನೂ ಬೇಡವೆಂದ.

ಮರುದಿನ ಬೆಳಿಗ್ಗೆ ಅಮ್ಮ ಗದ್ದೆಯವರ ಜೊತೆ ಸೇರಿ ಗೊಬ್ಬರದ ಚೀಲಗಳಿಗೆ ಮಣ್ಣು ತುಂಬಿಸತೊಡಗಿದಳು. ಒಡ್ಡಿನ ಬಾಗಿಲಿಗೆ ಅಡ್ಡ ಒಟ್ಟಲು ನಾನೂ ಚೀಲ ಹೊತ್ತೆ. ಅಮಾವಾಸ್ಯೆಯ ದಿನ ಮಧ್ಯಾಹ್ನ ಹೊಳೆ ಏರಿತು. ಚೀಲಗಳ ಸಂದಿನಲ್ಲಿ ನೀರು ಜಿನುಗಿತು, ಒಂದು ಮೂಲೆ ಕುಸಿಯಿತು. ನಾಲ್ಕು ಜನ ಅಲ್ಲಿಗೆ ಬೆನ್ನು ಕೊಟ್ಟು ನಿಂತರು. ನೀರು ಇಳಿಯುವ ತನಕ ಅಮ್ಮ ನನ್ನ ಮುಂಗೈ ಬಿಡಲಿಲ್ಲ.

ಗದ್ದೆ ಉಳಿಯಿತು. ಆದರೆ ಅಧ್ಯಕ್ಷೆ ಯಾರನ್ನೂ ಕೇಳದೆ ಸರ್ಕಾರಿ ಒಡ್ಡಿಗೆ ಕೈ ಹಾಕಿದಳೆಂದು ಸದಸ್ಯರು ಅವಿಶ್ವಾಸ ಗೊತ್ತುವಳಿ ತಂದರು. ಸಭೆ ನಡೆಸಲು ಕಾರವಾರದಿಂದ ಅಧಿಕಾರಿ ಬಂದರು. ಹೊರಗೆ ಜಗಲಿಯಲ್ಲಿ ಅರ್ಧ ಊರೇ ನಿಂತಿತ್ತು. ಒಳಗೆ ಅಮ್ಮನನ್ನು ಇಳಿಸಲು ಕೈ ಎತ್ತಿದವರಲ್ಲಿ ನಮ್ಮ ಮನೆಯಲ್ಲಿ ಚಹಾ ಕುಡಿದವರೆಲ್ಲರೂ ಇದ್ದರು.

ಅಮ್ಮ ಹೊರಬಂದಾಗ ಒಡ್ಡಿಗೆ ಬೆನ್ನು ಕೊಟ್ಟಿದ್ದ ಮುದುಕರೊಬ್ಬರು ಅಡ್ಡ ಬಂದರು. "ತಂಗಿ, ಓಟು ಹಾಕ್ದವ್ರು ನಾವು. ಇಳಸೂಕೆ ಇವ್ರು ಯಾರು?"

"ನೀವು ಹಾಕಿದ್ದು ಮೆಂಬರಾಗೂಕೆ, ಅಣ್ಣ. ಅಧ್ಯಕ್ಷೆ ಮಾಡ್ದವ್ರು ಅವ್ರೇ."

"ಹಂಗಾರೆ ನಮ್ಮ ಹತ್ರ ಯಾರೂ ಕೇಳೂದಿಲ್ವಾ?"

ಅಮ್ಮ ಚಪ್ಪಲಿ ಮೆಟ್ಟಿಕೊಂಡು ಜಗಲಿ ಇಳಿದಳು. ಮನೆಗೆ ಬಂದು ಮುಖ ತೊಳೆದು ಮಲಗಿದಳು. ಮುಂದಿನ ತಿಂಗಳ ಸಭೆಗೆ ಹೋಗಬೇಡವೆಂದು ಅಪ್ಪ ಹೇಳಿದರೂ, ಸದಸ್ಯೆಯಾಗಿ ಇನ್ನೂ ಉಳಿದಿದ್ದ ಅಮ್ಮ ಹೋದಳು. ಹೊಸ ಅಧ್ಯಕ್ಷರ ಎದುರಿನ ಬೆಂಚಿನಲ್ಲಿ ಕೂತು, ಬೇಸಿಗೆಯ ಕುಡಿಯುವ ನೀರಿನ ವಿಷಯ ಎತ್ತಿದಳಂತೆ. ಧ್ವನಿ ಮಾತ್ರ ನಡುಗುತ್ತಿತ್ತು ಎಂದು ಆಮೇಲೆ ತಾನೇ ಹೇಳಿದಳು.